ದೆಹಲಿಗೆ ಹೋದ ದೂರು ಅದೇ ಠಾಣೆಗೆ ವಾಪಸ್ ಬರುವುದೇಕೆ?

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಡಿಸೆಂಬರ್ 10ರಂದು ಮಾನವ ಹಕ್ಕುಗಳ ದಿನ ಅಂತ ಸರ್ಕಾರಿ ಕಚೇರಿಗಳಲ್ಲಿ ಪ್ರತಿಜ್ಞೆ ಬೋಧಿಸುತ್ತಾರೆ. ಮಾರನೇ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೋ ಬರುತ್ತದೆ, ಎಲ್ಲರೂ ಬಲಗೈ ಮುಂದೆ ಚಾಚಿ ನಿಂತಿರುತ್ತಾರೆ. ಫೋಟೋ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಕ್ಕಿಗೆ ಪೆಟ್ಟು ಬಿದ್ದವನು ಎಲ್ಲಿಗೆ ಹೋಗಬೇಕು, ಹೋದರೆ ಅಲ್ಲಿ ಏನಾಗುತ್ತದೆ ಅನ್ನುವುದನ್ನು ಯಾರೂ ಬರೆಯುವುದಿಲ್ಲ. ನಾನು ಬರೆಯುತ್ತೇನೆ, ಯಾಕಂದ್ರೆ ಅದು ದಿನಾ ನನ್ನ ಟೇಬಲ್ ಮೇಲೆ ಬಂದು ಬೀಳುವ ವಿಷಯ.

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಕಡೆಯ ಒಂದು ತಾಲೂಕು ಕಚೇರಿ ಎದುರು ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ, ಜಾತಿ-ಆದಾಯ ಸರ್ಟಿಫಿಕೇಟ್, ಫಾರಂ 57, ಬ್ಯಾಂಕಿಗೆ ಕೊಡುವ ಅಫಿಡವಿಟ್, ಜಾಸ್ತಿ ಕೆಲಸ ಇದೇ. ನಡುವೆ ಬೇರೆ ಥರದವರೂ ಬರುತ್ತಾರೆ. ಠಾಣೆಯಲ್ಲಿ ದೂರು ತಗೊಳ್ಳಲಿಲ್ಲ ಅನ್ನುವವರು, ಜಾತಿ ಹಿಡಿದು ಬೈದರು ಅನ್ನುವವರು, ಮನೆ ಬಾಡಿಗೆಗೆ ಕೊಡ್ತೀವಿ ಅಂದವರು ಹೆಸರು ಕೇಳಿದ ಮೇಲೆ ಇಲ್ಲ ಅಂದುಬಿಟ್ಟರು ಅನ್ನುವವರು. ಈಗೀಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದವರೂ ಇದ್ದಾರೆ. 'ಎಲ್ಲಾ ಕಡೆ ಆಯ್ತು ಸಾರ್, ದೆಹಲಿಗೇ ಒಂದು ಬರೆದುಬಿಡಿ' ಅಂತಾರೆ. ಬರೆದುಕೊಡುತ್ತೇನೆ. ದೆಹಲಿ ಅಂದರೆ ಅಲ್ಲಿನ ರಾಷ್ಟ್ರೀಯ ಮಾನವ ಹಕ್ಕು ಆಯೋಗ. ಅದಕ್ಕೆ ದೂರು ಕೊಡಲು ಶುಲ್ಕ ಇಲ್ಲ, ವಕೀಲರು ಬೇಡ, ಕನ್ನಡದಲ್ಲೇ ಬರೆದರೂ ತಗೊಳ್ಳುತ್ತಾರೆ. ಇಷ್ಟು ಮಟ್ಟಿಗೆ ಒಳ್ಳೆಯ ವ್ಯವಸ್ಥೆಯೇ.

ಮುಂದಿನದು ಕೇಳಿ. ಸ್ವಲ್ಪ ದಿನಕ್ಕೆ ಕೇಸ್ ನಂಬರ್ ಬರುತ್ತದೆ, ಪಾಪ ಅವನು ಅದನ್ನು ಲ್ಯಾಮಿನೇಶನ್ ಮಾಡಿಸಿಕೊಳ್ಳುವಷ್ಟು ಖುಷಿಪಡುತ್ತಾನೆ. ಆಮೇಲೆ ಇನ್ನೊಂದು ಕಾಗದ ಬರುತ್ತದೆ. ದೂರನ್ನು ಸಂಬಂಧಪಟ್ಟ ಅಧಿಕಾರಿಗೆ ಕಳಿಸಿದ್ದೇವೆ, ದೂರುದಾರರನ್ನೂ ಸೇರಿಸಿಕೊಂಡು ಎಂಟು ವಾರದೊಳಗೆ ಸೂಕ್ತ ಕ್ರಮ ಕೈಗೊಂಡು ಅವರಿಗೆ ತಿಳಿಸಬೇಕು ಅಂತ. ಸಂಬಂಧಪಟ್ಟ ಅಧಿಕಾರಿ ಅಂದರೆ ಎಸ್‌ಪಿ. ಎಸ್‌ಪಿ ಕಚೇರಿಯಿಂದ ಅದು ಡಿವೈಎಸ್‌ಪಿಗೆ ಇಳಿಯುತ್ತದೆ, ಅಲ್ಲಿಂದ ಸರ್ಕಲ್‌ಗೆ, ಅಲ್ಲಿಂದ ಯಾವ ಠಾಣೆಯ ಮೇಲೆ ದೂರು ಕೊಟ್ಟಿದ್ದನೋ ಅದೇ ಠಾಣೆಗೆ. ಒಂದು ದಿನ ಫೋನ್ ಬರುತ್ತದೆ. 'ಏನಪ್ಪಾ, ದೆಹಲಿ ತನಕ ಹೋಗಿದ್ದೀಯಂತೆ, ಬಾ ಇಲ್ಲಿ ಒಂದು ಸೈನ್ ಹಾಕಬೇಕು.' ಹೋದರೆ ಹೇಳಿಕೆ ರೆಡಿ ಇರುತ್ತದೆ. ವಿಚಾರಣೆ ನಡೆಸಲಾಗಿದೆ, ನನ್ನದು ಯಾವ ತಕರಾರೂ ಇಲ್ಲ, ಮುಂದಿನ ಕ್ರಮ ಬೇಡ. ಕೂಲಿ ಮಾಡಿ ಬದುಕುವವನು, ಅದೇ ಊರಲ್ಲಿ ನಾಳೆಯೂ ಓಡಾಡಬೇಕಾದವನು, ಅಷ್ಟು ಜನ ಪೊಲೀಸರ ಮಧ್ಯೆ ಕೂತು ಸೈನ್ ಹಾಕಲ್ಲ ಅಂತಾನಾ? ಹಾಕುತ್ತಾನೆ. ಆ ಹೇಳಿಕೆ ಬಂದ ದಾರಿಯಲ್ಲೇ ಮೇಲೆ ಹೋಗುತ್ತದೆ, ಫೈಲು ಮುಗಿಯುತ್ತದೆ. ಎಲ್ಲಾ ದೂರಿಗೂ ಹೀಗೇ ಆಗುತ್ತದೆ ಅಂತ ಹೇಳುತ್ತಿಲ್ಲ. ನನ್ನ ಅಂಗಡಿಗೆ ವಾಪಸ್ ಬಂದು ಕಾಗದ ಓದಿಸಿಕೊಂಡವರ ಕಥೆ ಹೆಚ್ಚುಕಮ್ಮಿ ಇದೇ.

ನಾನು ಆ ಎಸ್ಐಗೂ ಬೈಯುವುದಿಲ್ಲ. ಅವನ ಮೇಲೆ ಬಂದ ದೂರನ್ನು ಅವನ ಕೈಗೇ ಕೊಟ್ಟರೆ ಅವನಾದರೂ ಏನು ಮಾಡುತ್ತಾನೆ? ವ್ಯವಸ್ಥೆಯನ್ನು ಕಟ್ಟಿರುವ ರೀತಿಯೇ ಹಾಗಿದೆ. ಈ ಪತ್ರ ಅದರ ಬಗ್ಗೆ.

ರಾಷ್ಟ್ರೀಯ ಮಾನವ ಹಕ್ಕು ಆಯೋಗ ಶುರುವಾಗಿದ್ದು 1993ರ ಅಕ್ಟೋಬರ್‌ನಲ್ಲಿ. ಇಂಥ ಸಂಸ್ಥೆಗಳು ಹೇಗಿರಬೇಕು ಅಂತ ಪ್ಯಾರಿಸ್‌ನಲ್ಲಿ 1991ರಲ್ಲಿ ಕೂತು ಕೆಲವು ನಿಯಮ ಮಾಡಿದ್ದರು, ವಿಶ್ವಸಂಸ್ಥೆ 1993ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮುಖ್ಯ ಮಾತು ಒಂದೇ. ಸರ್ಕಾರದ ದುಡ್ಡಿನಲ್ಲಿ ನಡೆದರೂ ಸರ್ಕಾರದ ಕೈಯಲ್ಲಿ ಇರಬಾರದು. ನಮ್ಮ ಆಯೋಗದ ತನಿಖಾ ವಿಭಾಗದ ಮೇಲೆ ಕೂತಿರುವವರು ಯಾರು ಗೊತ್ತಾ? ಹಿರಿಯ ಪೊಲೀಸ್ ಅಧಿಕಾರಿ. ಅವರ ಕೆಳಗೆ ನಿಯೋಜನೆ ಮೇಲೆ ಬಂದ ಪೊಲೀಸರು. ಕೆಲವು ವರ್ಷ ಇಲ್ಲಿದ್ದು ಮತ್ತೆ ತಮ್ಮ ಇಲಾಖೆಗೆ ಹೋಗುವವರು. ಪ್ರಪಂಚದ ಮಾನವ ಹಕ್ಕು ಸಂಸ್ಥೆಗಳದ್ದೇ ಒಂದು ಒಕ್ಕೂಟ ಇದೆ, ಅದು ಪ್ರತಿ ಸಂಸ್ಥೆಗೂ 'ಎ', 'ಬಿ' ಅಂತ ದರ್ಜೆ ಕೊಡುತ್ತದೆ. ನಮಗೆ 1999ರಿಂದ 'ಎ' ಇತ್ತು. 2016ರಲ್ಲಿ ಮರುಪರಿಶೀಲನೆಗೆ ಬಂದಾಗ ತೀರ್ಮಾನ ಮುಂದೂಡಿದರು, 2017ರಲ್ಲಿ ಮತ್ತೆ ಕೊಟ್ಟರು. 2023ರಲ್ಲಿ ಮತ್ತೆ ಮುಂದೂಡಿದರು, 2024ರಲ್ಲೂ ಮುಂದೂಡಿದರು. ಅವರು ಎತ್ತಿದ ಆಕ್ಷೇಪದಲ್ಲಿ ಇದೂ ಇತ್ತು, ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡುವುದು ಹೇಗೆ ಸರಿ ಅನ್ನುವುದು. ಜಿನೀವಾದಲ್ಲಿ ಕೂತವರು ಕೇಳಿದ ಪ್ರಶ್ನೆಯನ್ನೇ ನನ್ನ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತವರೂ ಕೇಳುತ್ತಾರೆ, ಏನ್ ವ್ಯತ್ಯಾಸ ಅಂದ್ರೆ ಇವರು ಸ್ವಲ್ಪ ಬೈದು ಕೇಳುತ್ತಾರೆ.

ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ ಅಂತ ಭಾಷಣದಲ್ಲಿ ಹೇಳುತ್ತಾರೆ. ನಿಜ. ಸಮನ್ಸ್ ಕೊಡಬಹುದು, ಫೈಲು ತರಿಸಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು. ಆದರೆ ಎಲ್ಲಾ ಮುಗಿದ ಮೇಲೆ ಅದು ಕೊಡುವುದು ಆದೇಶ ಅಲ್ಲ, ಶಿಫಾರಸು. ಒಂದು ತಿಂಗಳಲ್ಲಿ ಸರ್ಕಾರ ತನ್ನ ಅಭಿಪ್ರಾಯ ಹೇಳಬೇಕು. 'ಒಪ್ಪುವುದಿಲ್ಲ' ಅನ್ನುವುದೂ ಒಂದು ಅಭಿಪ್ರಾಯವೇ ಅಲ್ವಾ. ಆಗ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಆಯೋಗವೇ ಹೋಗಬಹುದು ಅಂತ ಮಾನವ ಹಕ್ಕು ಸಂರಕ್ಷಣಾ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಬರೆದಿದೆ. ಅಂದರೆ ಕೈಯಲ್ಲಿ ಬೆತ್ತ ಕೊಟ್ಟಿದ್ದಾರೆ, ಬೀಸಬೇಕಾದವರು ಅವರು. 2021ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಾಜ್ಯ ಮಾನವ ಹಕ್ಕು ಆಯೋಗದ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಅಂತ ತೀರ್ಪು ಕೊಟ್ಟಿತು. ಅದನ್ನು ಇಡೀ ದೇಶಕ್ಕೆ ಅನ್ವಯಿಸುವ ಹಾಗೆ ಕಾಯ್ದೆಯಲ್ಲೇ ಒಂದು ಸಾಲು ಸೇರಿಸಲು ಸಂಸತ್ತಿಗೆ ಕಷ್ಟ ಏನಿದೆ? 2019ರಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ತಂದರು. ಅಧ್ಯಕ್ಷರ ಅವಧಿಯನ್ನು ಐದು ವರ್ಷದಿಂದ ಮೂರಕ್ಕೆ ಇಳಿಸಿದರು, ಮರುನೇಮಕಕ್ಕೆ ಅವಕಾಶ ಇಟ್ಟುಕೊಂಡರು. ಶಿಫಾರಸಿಗೆ ಬಲ ಕೊಡುವ ಸಾಲು ಮಾತ್ರ ಬರಲಿಲ್ಲ. ಮತ್ತೆ ನೇಮಕ ಆಗಬೇಕು ಅಂತ ಕಾಯುವವರು ನೇಮಕ ಮಾಡುವವರ ವಿರುದ್ಧ ಎಷ್ಟು ಗಟ್ಟಿಯಾಗಿ ಬರೆಯುತ್ತಾರೆ ಅಂತ ನೀವೇ ಯೋಚಿಸಿ.

ಒಂದು ವರ್ಷದ ಗಡುವಿನ ಬಗ್ಗೆ ಹೇಳಲೇಬೇಕು. ಘಟನೆ ಆಗಿ ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವ ಹಾಗಿಲ್ಲ, 36ನೇ ಸೆಕ್ಷನ್. ಓದಿದವರಿಗೆ ಒಂದು ವರ್ಷ ಧಾರಾಳ. ನಮ್ಮ ಕಡೆ ನೋಡಿ. ನವೆಂಬರ್-ಡಿಸೆಂಬರ್‌ನಲ್ಲಿ ಅರೇಬಿಕಾ ಕುಯ್ಲಿಗೆ ಹೊರಗಿನಿಂದ ಜನ ಬರುತ್ತಾರೆ, ರೋಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರವರಿ-ಮಾರ್ಚ್ ಆಗುತ್ತದೆ, ಲೆಕ್ಕ ಚುಕ್ತಾ ಮಾಡಿಕೊಂಡು ಊರಿಗೆ ಹೋಗುತ್ತಾರೆ. ಮಧ್ಯೆ ಯಾರೋ ಹೊಡೆದರು, ಕೂಲಿ ಹಿಡಿದರು, ಠಾಣೆಯಲ್ಲಿ ಕೂಡಿಹಾಕಿದರು ಅಂತಿಟ್ಟುಕೊಳ್ಳಿ. ಅವನು ಮತ್ತೆ ಈ ಕಡೆ ಬರುವುದು ಮುಂದಿನ ಸೀಸನ್‌ಗೆ, ಅಷ್ಟರಲ್ಲಿ ಗಡುವು ಹತ್ತಿರ ಬಂದಿರುತ್ತದೆ, ಇಲ್ಲವೇ ದಾಟಿರುತ್ತದೆ. ಕಾಯ್ದೆ ಮಾಡಿದವರ ಕಣ್ಣಿಗೆ ಇಂಥವನು ಬಿದ್ದೇ ಇಲ್ಲ.

ಇನ್ನೊಂದು ತಾಂತ್ರಿಕ ಕಿರಿಕಿರಿ, ಓದುಗರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ನಮ್ಮ ಜನಕ್ಕೆ ಒಂದೇ ಅರ್ಜಿಯನ್ನು ಮುಖ್ಯಮಂತ್ರಿ, ರಾಜ್ಯಪಾಲರು, ಡಿಸಿ, ರಾಜ್ಯ ಆಯೋಗ, ದೆಹಲಿ ಆಯೋಗ ಎಲ್ಲರಿಗೂ ಪ್ರತಿ ಹಾಕುವ ಅಭ್ಯಾಸ. ಬೇರೆಯವರಿಗೆ ಬರೆದ ಅರ್ಜಿಯ ಕಾಪಿ ಮಾತ್ರ ಅಂದರೆ ಆಯೋಗ ಅದನ್ನು ಕೈಬಿಡಬಹುದು. ರಾಜ್ಯ ಆಯೋಗದಲ್ಲಿ ಆಗಲೇ ನಡೆಯುತ್ತಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ಮುಟ್ಟುವ ಹಾಗೇ ಇಲ್ಲ. ಎಲ್ಲರಿಗೂ ಬರೆದವನು ಕೊನೆಗೆ ಯಾರಿಂದಲೂ ಉತ್ತರ ಸಿಗದೆ ನಿಲ್ಲುತ್ತಾನೆ. ಒಂದು ಕಡೆಗೆ, ನೇರವಾಗಿ, ದಿನಾಂಕ ಹೆಸರು ಹಾಕಿ ಬರೆಯಿರಿ.

ಈಗ ಅಸ್ಸಾಂನವರ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯಲು ಕುಳಿತಿದ್ದೇ ಅದಕ್ಕಾಗಿ.

'ನಮ್ಮಲ್ಲಿ ಜಾತಿ ಇದೆ, ಆದರೆ ವರ್ಣಭೇದ ಎಲ್ಲಿದೆ, ಅದು ಅಮೆರಿಕದಲ್ಲಿ' ಅನ್ನುವವರು ಬಹಳ ಇದ್ದಾರೆ. ಮೂಡಿಗೆರೆ, ಸಕಲೇಶಪುರ, ಆಲ್ದೂರು, ಬಾಳೆಹೊನ್ನೂರು, ಎಲ್ಲಿಯಾದರೂ ಸಂತೆ ದಿನ ಹೋಗಿ ಸುಮ್ನೆ ನಿಂತು ನೋಡಿ. ಮುಖ ಸ್ವಲ್ಪ ಬೇರೆ ಥರ ಇದ್ದರೆ 'ಏ ನೇಪಾಳಿ', 'ಏ ಚೀನಾ' ಅಂತ ಕರೆಯುತ್ತಾರೆ. ಮುಖ ನಮ್ಮ ಥರ ಇದ್ದು ಹಿಂದಿ ಮಾತಾಡಿದರೆ 'ಬಾಂಗ್ಲಾದವನು'. ಹಣ್ಣು ಕುಯ್ಯುವ ಕೈ ಬೇಕು, ತೋಟದ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆ) ಇರಲಿ, ಊರೊಳಗೆ ಬಾಡಿಗೆ ಮನೆ ಮಾತ್ರ ಕೊಡಬಾರದು. ಕೆಲವು ಹುಡುಗರು ತಾವೇ ಜೀಪು ನಿಲ್ಲಿಸಿ ಆಧಾರ್ ತೋರಿಸು ಅಂತ ಕೇಳುತ್ತಾರೆ. ಯಾರು ವಿದೇಶಿ ಅಂತ ನೋಡುವುದು ಸರ್ಕಾರದ ಕೆಲಸ, ನೋಡಲಿ, ಬೇಡ ಅಂದವರಾರು. ಹಾದಿಯಲ್ಲಿ ಹೋಗುವ ಹುಡುಗರಿಗೆ ಆ ಅಧಿಕಾರ ಕೊಟ್ಟವರು ಯಾರು? ತೋಟದ ಮಾಲೀಕರೆಲ್ಲ ಕೆಟ್ಟವರು ಅಂತಲ್ಲ. ನಿಜ ಹೇಳಬೇಕಂದ್ರೆ ಬೆಳೆಗಾರರಿಗೆ ಇವರ ಬೆಲೆ ಗೊತ್ತು, ಇವರಿಲ್ಲದೆ ಕಾಫಿ ಗಿಡದಲ್ಲೇ ಒಣಗುತ್ತದೆ, ಚೆನ್ನಾಗಿ ನೋಡಿಕೊಳ್ಳುವವರನ್ನು ನಾನೇ ಕಂಡಿದ್ದೇನೆ. ಆದರೆ ಮಾಲೀಕ ಒಳ್ಳೆಯವನಾಗಿದ್ದರೆ ಮಾತ್ರ ಬದುಕಬಹುದು ಅನ್ನುವುದು ಹಕ್ಕಲ್ಲ, ಅದೃಷ್ಟ.

ಇಂಥವನಿಗೆ ಅನ್ಯಾಯ ಆದರೆ ಯಾವ ಆಯೋಗಕ್ಕೆ ಬರೆಯಲಿ? ನಾನು ಟೈಪ್ ಮಾಡಲು ಕೂತು ತಲೆ ಕೆರೆದುಕೊಂಡಿದ್ದೇನೆ. ಮಾನವ ಹಕ್ಕು ಆಯೋಗ ನೋಡುವುದು ಸರ್ಕಾರಿ ನೌಕರರು ಹಕ್ಕು ಮುರಿದಿದ್ದರೆ, ಅಥವಾ ಮುರಿಯುವುದನ್ನು ತಡೆಯದೆ ಕೂತಿದ್ದರೆ. ಮನೆ ಮಾಲೀಕ, ಹೋಟೆಲಿನವನು, ತೋಟದ ರೈಟರು (ಲೆಕ್ಕ ಬರೆಯುವವರು) ಬೇಧ ಮಾಡಿದರೆ ನೇರವಾಗಿ ಅದು ಬರುವುದಿಲ್ಲ. ಸರಿ, ಪರಿಶಿಷ್ಟ ಪಂಗಡಗಳ ಆಯೋಗಕ್ಕೆ ಬರೆಯೋಣ ಅಂದರೆ ಅಲ್ಲಿ ಇನ್ನೊಂದು ಗಂಟು. ನಮ್ಮ ತೋಟಗಳಿಗೆ ಬರುವವರಲ್ಲಿ ಮುಂಡಾ, ಒರಾವೊನ್, ಸಂತಾಲ ಜನ ಇದ್ದಾರೆ. ಬ್ರಿಟಿಷರ ಕಾಲದಲ್ಲಿ ಇವರ ಹಿರಿಯರನ್ನು ಛೋಟಾ ನಾಗಪುರದಿಂದ ಅಸ್ಸಾಮಿನ ಚಹಾ ತೋಟಗಳಿಗೆ ಕರೆದುಕೊಂಡು ಹೋದರು. ಜಾರ್ಖಂಡ್‌ನಲ್ಲಿ ಉಳಿದ ಅಣ್ಣ ಪರಿಶಿಷ್ಟ ಪಂಗಡ. ಅಸ್ಸಾಮಿನ ಚಹಾ ತೋಟಕ್ಕೆ ಹೋದ ತಮ್ಮನ ಮಕ್ಕಳು ಅಲ್ಲಿ ಹಿಂದುಳಿದ ವರ್ಗ. ಅದೇ ವಂಶದವನು ನಮ್ಮ ಕಾಫಿ ತೋಟಕ್ಕೆ ಬಂದರೆ ಯಾವ ಪಟ್ಟಿಯಲ್ಲೂ ಇಲ್ಲ, ಯಾಕಂದ್ರೆ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಅವನ ಸರ್ಟಿಫಿಕೇಟ್ ಇಲ್ಲಿ ನಡೆಯುತ್ತದಾ ಅನ್ನುವ ಚರ್ಚೆಯಲ್ಲೇ ಠಾಣೆಯಲ್ಲಿ ಸಂಜೆ ಆಗುತ್ತದೆ. ಕಡೆಗೆ ಒಂದು ಎನ್‌ಸಿಆರ್ (ಎಫ್ಐಆರ್ ಅಲ್ಲದ, ಸಣ್ಣ ದೂರು ಅಂತ ಬರೆದುಕೊಡುವ ಚೀಟಿ) ಹರಿದುಕೊಡುತ್ತಾರೆ.

ಇದು ನಮ್ಮ ಬೆಟ್ಟದ ಮೇಲಿನ ಸಮಸ್ಯೆ ಮಾತ್ರ ಅಲ್ಲ. 2012ರ ಆಗಸ್ಟ್ 15ರ ಆಸುಪಾಸು ಬೆಂಗಳೂರಿನಿಂದ ಈಶಾನ್ಯದ ಜನ ಒಂದು ಸುಳ್ಳು ಸುದ್ದಿಗೆ ಹೆದರಿ ಸಾವಿರಾರು ಸಂಖ್ಯೆಯಲ್ಲಿ ಗುವಾಹಟಿ ರೈಲು ಹತ್ತಿದರು, ರೈಲ್ವೆಯವರು ಸ್ಪೆಷಲ್ ಗಾಡಿ ಬಿಡಬೇಕಾಯಿತು. 2014ರ ಜನವರಿಯಲ್ಲಿ ದೆಹಲಿಯ ಮಾರ್ಕೆಟ್ಟಿನಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾನ ಕೂದಲು, ಮುಖ ನೋಡಿ ಗೇಲಿ ಮಾಡಿದರು, ಜಗಳ ಆಯಿತು, ಹೊಡೆದರು, ಹುಡುಗ ಸತ್ತ. ಆಗ ಕೇಂದ್ರ ಸರ್ಕಾರ ಬೆಜಬರುವಾ ಸಮಿತಿ ಮಾಡಿತು. ಅದೇ ವರ್ಷ ಜುಲೈನಲ್ಲಿ ವರದಿ ಬಂತು. ಜನಾಂಗದ ಕಾರಣಕ್ಕೆ ಅವಮಾನ ಮಾಡುವುದು, ಹಲ್ಲೆ ಮಾಡುವುದನ್ನೇ ಬೇರೆ ಅಪರಾಧ ಅಂತ ದಂಡ ಸಂಹಿತೆಯಲ್ಲಿ ಸೇರಿಸಿ ಅಂತ ಸಮಿತಿ ಹೇಳಿತು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಇಂಥ ದೂರುಗಳ ಮೇಲೆ ನಿಗಾ ಇಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಅದೇ 2016ರ ಜನವರಿ ಕೊನೆಯಲ್ಲಿ ನಮ್ಮ ಬೆಂಗಳೂರಿನಲ್ಲೇ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ದಾಳಿ ಆಗಿತ್ತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ, ಮೈಬಣ್ಣ ಒಂದೇ ಅನ್ನುವ ಕಾರಣಕ್ಕೆ ಅವಳನ್ನು ಹಿಡಿದರು. ಬೇಲೂರು ತಾಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ಕಾಲೋನಿ ಇದೆ. ಈ ಸಮುದಾಯದವರು ತೈಲ, ಗಿಡಮೂಲಿಕೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗುತ್ತಾರೆ. 2023ರಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡು, ಅವರನ್ನು ಕರೆತನ್ನಿ ಅಂತ ನಾವೆಲ್ಲ ಒತ್ತಾಯ ಮಾಡಿದ್ದು ನೆನಪಿರಬಹುದು. ನಮ್ಮವರು ಅಲ್ಲಿ ವ್ಯಾಪಾರ ಮಾಡಿಕೊಂಡು ಬದುಕಬೇಕು, ಅಲ್ಲಿಯವರು ಇಲ್ಲಿ ಓದಲು ಬಂದರೆ ಮನೆ ಸಿಗಬಾರದು, ಇದ್ಯಾವ ನ್ಯಾಯ?

ಬೆಜಬರುವಾ ಸಮಿತಿ ಹೇಳಿದ ಸೆಕ್ಷನ್ ಬಂತಾ? ಇಲ್ಲ. ದಂಡ ಸಂಹಿತೆಯನ್ನೇ ಪೂರ್ತಿ ಬದಲಾಯಿಸಿ ಭಾರತೀಯ ನ್ಯಾಯ ಸಂಹಿತೆ ಅಂತ ತಂದರು, 2024ರ ಜುಲೈ 1ರಿಂದ ಜಾರಿಗೂ ಬಂತು. ಜನಾಂಗ, ಜಾತಿ, ಭಾಷೆ, ಹುಟ್ಟಿದ ಊರಿನ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಲೆ ಮಾಡಿದರೆ ಅದಕ್ಕೆ ಪ್ರತ್ಯೇಕ ಕಲಂ ಹಾಕಿದ್ದಾರೆ, ಅದು ಒಳ್ಳೆಯದೇ. ಕೊಲೆ ಆಗುವ ತನಕ ಕಾಯಬೇಕಾ ಅನ್ನುವುದು ನನ್ನ ಪ್ರಶ್ನೆ. ದಿನಾ ನಡೆಯುವ ಅವಮಾನಕ್ಕೆ, ಮನೆ ಕೊಡದಿರುವುದಕ್ಕೆ, ಕೆಲಸಕ್ಕೆ ತಗೊಳ್ಳದಿರುವುದಕ್ಕೆ ಎಲ್ಲಿದೆ ಜಾಗ? ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಯಲ್ಲಿ ಬೇಧ ಮಾಡಬಾರದು ಅನ್ನುತ್ತದೆ. ಬಾಡಿಗೆ ಮನೆಯ ಹೆಸರು ಅದರಲ್ಲಿ ಇಲ್ಲ. 2006ರಲ್ಲಿ ಮುಸ್ಲಿಮರ ಸ್ಥಿತಿಗತಿ ನೋಡಿದ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗ ಮಾಡಿ ಅಂತ ಹೇಳಿತ್ತು, 2008ರಲ್ಲಿ ಪ್ರೊ. ಎನ್.ಆರ್. ಮಾಧವ ಮೆನನ್ ಅವರ ತಂಡ ಅದಕ್ಕೆ ಕರಡನ್ನೂ ಬರೆದುಕೊಟ್ಟಿತು. ಕರಡು ಕರಡಾಗೇ ಉಳಿಯಿತು. ಸರ್ಕಾರಗಳು ಬದಲಾದವು, ಇದು ಯಾರ ಕೈಗೂ ಸಿಗಲಿಲ್ಲ, ಹಾಗಾಗಿ ಒಂದೇ ಪಕ್ಷವನ್ನು ಬೈಯುವ ಆಸೆ ಇರುವವರಿಗೆ ಈ ಪತ್ರದಿಂದ ಉಪಯೋಗ ಇಲ್ಲ.

ಜನಾಂಗ ಭೇದದ ವಿರುದ್ಧ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಾವು 1968ರಲ್ಲೇ ಒಪ್ಪಿಗೆ ಕೊಟ್ಟಿದ್ದೇವೆ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬಾನ್ ನಗರದಲ್ಲಿ ಇದೇ ವಿಷಯಕ್ಕೆ ನಡೆದ ಸಮ್ಮೇಳನದಲ್ಲಿ ಜಾತಿ ವಿಷಯ ಎತ್ತಬೇಡಿ, ಜಾತಿ ಬೇರೆ ಜನಾಂಗ ಬೇರೆ ಅಂತ ಭಾರತ ವಾದಿಸಿತು. ಮರುವರ್ಷ ವಿಶ್ವಸಂಸ್ಥೆಯ ಸಮಿತಿ, ಹುಟ್ಟಿನ ಮೇಲೆ ಮಾಡುವ ಭೇದದಲ್ಲಿ ಜಾತಿಯೂ ಬರುತ್ತದೆ ಅಂದಿತು. ಈ ವಾದ ದೊಡ್ಡವರು ಮಾಡಿಕೊಳ್ಳಲಿ. ಪೆಟ್ಟು ತಿಂದವನಿಗೆ ಎರಡೂ ಕಡೆ ಬಾಗಿಲು ತೆರೆದಿರಬೇಕು, ಅಷ್ಟೇ.

ಜಾತಿಯ ವಿಷಯದಲ್ಲಿ ನಮಗೆ ಕಾನೂನಿಗೆ ಬರಗಾಲ ಇಲ್ಲ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ, 338ನೇ ವಿಧಿಯ ಪ್ರಕಾರ ಪರಿಶಿಷ್ಟ ಜಾತಿಗಳ ಆಯೋಗ, 2004ರಿಂದ ಪಂಗಡಗಳಿಗೆ ಬೇರೆ ಆಯೋಗ, ರಾಜ್ಯದಲ್ಲಿ ಇನ್ನೊಂದು ಆಯೋಗ. ಇಷ್ಟಿದ್ದೂ 2015ರಲ್ಲಿ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದೊಳಗೆ ಹೋದರು ಅಂತ ದಂಡ ಹಾಕಿದ ಸುದ್ದಿ ರಾಜ್ಯವೆಲ್ಲ ಓದಿತು. 2024ರ ಜನವರಿಯಲ್ಲಿ ನಮ್ಮ ತರೀಕೆರೆ ತಾಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಗೆ ಜೆಸಿಬಿ ಕೆಲಸಕ್ಕೆ ಹೋದ ದಲಿತ ಯುವಕನಿಗೆ ಹೊಡೆದರು, ಮೈಲಿಗೆ ಆಯಿತು ಅಂತ ದೇವಸ್ಥಾನಕ್ಕೆ ಬೀಗ ಹಾಕಿದರು ಅನ್ನುವುದು ಸುದ್ದಿಯಾಯಿತು. ಎರಡೂ ಕಡೆ ಅಧಿಕಾರಿಗಳು ಓಡಿ ಹೋದದ್ದು ಸುದ್ದಿ ದೊಡ್ಡದಾದ ಮೇಲೆ. ಸುದ್ದಿ ಆಗದ ಊರಿನಲ್ಲಿ ಏನು?

ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ಸಮಿತಿ ವರ್ಷಕ್ಕೆ ಎರಡು ಸಲ. ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿರಬಾರದು. ಪರಿಹಾರದ ಹಣವನ್ನು ಎಫ್‌ಐಆರ್ ಆದಾಗ ಒಂದಿಷ್ಟು, ಚಾರ್ಜ್‌ಶೀಟ್ ಆದಾಗ ಒಂದಿಷ್ಟು, ಶಿಕ್ಷೆ ಆದಾಗ ಉಳಿದದ್ದು ಅಂತ ಕೊಡಬೇಕು. ನಿಯಮ ಇಷ್ಟು ಚೆನ್ನಾಗಿದೆ. ಆ ಸಮಿತಿಯ ಸಭೆಯಲ್ಲಿ ಏನು ಮಾತಾಯಿತು, ಎಷ್ಟು ಕೇಸು ಬಾಕಿ, ಯಾಕೆ ಬಾಕಿ ಅನ್ನುವ ನಡಾವಳಿಯನ್ನು ಜಿಲ್ಲೆಯ ವೆಬ್‌ಸೈಟ್‌ನಲ್ಲಿ ಹಾಕಿ, ಗ್ರಾಮ ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಿ. ಹಣ ಖರ್ಚಿಲ್ಲದ ಕೆಲಸ ಇದು. ಕರ್ನಾಟಕ ಒಂದು ವಿಷಯದಲ್ಲಿ ಬೇರೆಯವರಿಗಿಂತ ಮುಂದಿದೆ, ಹೊಗಳಲೇಬೇಕು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಅಂತ 1974ರಿಂದಲೇ ಇದೆ, 2025ರಲ್ಲಿ ಅದಕ್ಕೆ ಜಿಲ್ಲೆಗೊಂದರಂತೆ ಸ್ವಂತ ಠಾಣೆಗಳನ್ನೂ ಕೊಟ್ಟರು. ಊರಿನ ಠಾಣೆಯನ್ನು ಬಿಟ್ಟು ಬೇರೆ ಕಡೆ ಹೋಗಲು ಒಂದು ದಾರಿ ಆಯಿತು. ಆದರೆ ಕಳಸದಿಂದಲೋ ಶೃಂಗೇರಿಯಿಂದಲೋ ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. 14566 ಅಂತ ಸಹಾಯವಾಣಿ ಇದೆ, 2021ರ ಡಿಸೆಂಬರ್‌ನಿಂದ. ನನ್ನ ಅಂಗಡಿಗೆ ಬಂದವರಲ್ಲಿ ಈ ನಂಬರ್ ಗೊತ್ತಿದ್ದವರು ಬಹಳ ಕಮ್ಮಿ.

ಕುರ್ಚಿ ಖಾಲಿ ಬಿಡುವ ರೋಗ ಎಲ್ಲಕ್ಕಿಂತ ದೊಡ್ಡದು. ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗಕ್ಕೆ 2020ರ ಮಧ್ಯದಿಂದ 2021ರ ಫೆಬ್ರವರಿ ತನಕ ಅಧ್ಯಕ್ಷರೇ ಇರಲಿಲ್ಲ. ಕೊರೊನಾ ಕಾಲ ಅದು, ಊರು ಊರಿಗೆ ಬೇಲಿ ಹಾಕಿ, ಅವರು ಬರಬಾರದು ಇವರು ಬರಬಾರದು ಅಂತಿದ್ದ ಕಾಲ. ಮಾನವ ಹಕ್ಕು ಆಯೋಗದ ಅಧ್ಯಕ್ಷರ ಅವಧಿ 2024ರ ಜೂನ್ 1ಕ್ಕೆ ಮುಗಿಯಿತು, ಹೊಸಬರು ಬಂದಿದ್ದು ಡಿಸೆಂಬರ್ ಕೊನೆಗೆ. ಅವಧಿ ಯಾವತ್ತು ಮುಗಿಯುತ್ತದೆ ಅನ್ನುವುದು ನೇಮಕದ ದಿನವೇ ಗೊತ್ತಿರುತ್ತದೆ ಅಲ್ವಾ? ಗ್ರಾಮ ಪಂಚಾಯಿತಿ ಚುನಾವಣೆ ತಡವಾದರೆ ಕೋರ್ಟಿಗೆ ಹೋಗುವ ನಾವು ಇದನ್ನು ಯಾಕೆ ಸುಮ್ಮನೆ ಬಿಡುತ್ತೇವೆ ಅಂತ ಗೊತ್ತಾಗುವುದಿಲ್ಲ. ಅವಧಿ ಮುಗಿಯುವ ಆರು ತಿಂಗಳು ಮೊದಲೇ ನೇಮಕದ ಪ್ರಕ್ರಿಯೆ ಶುರುವಾಗಬೇಕು, ಯಾರ ಹೆಸರುಗಳು ಪರಿಗಣನೆಯಲ್ಲಿವೆ ಅನ್ನುವುದು ಜನಕ್ಕೆ ತಿಳಿಯಬೇಕು ಅಂತ ಕಾಯ್ದೆಯಲ್ಲೇ ಬರೆಯಬೇಕು.

ಅಧ್ಯಕ್ಷರು ಇದ್ದಾಗಲೂ ಜಾತಿ ಆಯೋಗದ ಕೈ ಕಟ್ಟಿದೆ. ವಿಚಾರಣೆ ನಡೆಯುವಾಗ ಒಂದು ತಡೆಯಾಜ್ಞೆ ಕೊಡುವ ಅಧಿಕಾರ ಕೂಡ ಅದಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅಂದರೆ ಬಹಿಷ್ಕಾರ ಹಾಕಿದ ಊರಿನಲ್ಲಿ ಅಂಗಡಿಯವನು ಸಾಮಾನು ಕೊಡದೆ ಇದ್ದರೆ, ವಿಚಾರಣೆ ಮುಗಿಯುವ ತನಕವಾದರೂ ಕೊಡು ಅಂತ ಆಯೋಗ ಆದೇಶ ಮಾಡುವ ಹಾಗಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಹೋದ ಮೇಲೆ ಮಾಡಿದ್ದನ್ನು ನೋಡಿ. 2000ರಲ್ಲಿ ಸಮಾನತೆಯ ಕಾಯ್ದೆ ತಂದು, ಊರಿನ ಮ್ಯಾಜಿಸ್ಟ್ರೇಟ್ ಕೋರ್ಟುಗಳೇ ಸಮಾನತೆಯ ಕೋರ್ಟಾಗಿ ಕೂರುವ ಹಾಗೆ ಮಾಡಿದರು. ವಕೀಲರಿಲ್ಲದೆ ಹೋಗಬಹುದು. ಮನೆ ಕೊಡದ ಮಾಲೀಕನನ್ನೂ ಕರೆಸಬಹುದು, ಕ್ಷಮೆ ಕೇಳಿಸಬಹುದು, ಪರಿಹಾರ ಕೊಡಿಸಬಹುದು. ಮಾನವ ಹಕ್ಕು ಆಯೋಗವೇ ಬಡವನ ಪರವಾಗಿ ಅಲ್ಲಿ ಕೇಸು ಹಾಕಬಹುದು. ಅಲ್ಲಿ ಎಲ್ಲಾ ಸರಿಹೋಗಿದೆ ಅಂತ ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ನಮ್ಮ ತಾಲೂಕು ಕೇಂದ್ರಗಳಲ್ಲೂ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟ್ ಇದೆ, ತಾಲೂಕು ಕಾನೂನು ಸೇವಾ ಸಮಿತಿ ಇದೆ. ಕಟ್ಟಡ ಹೊಸದಾಗಿ ಕಟ್ಟಬೇಕಿಲ್ಲ.

ಸುಳ್ಳು ದೂರು ಜಾಸ್ತಿ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ, ನನ್ನ ಅಂಗಡಿಯಲ್ಲೇ ಕಾಫಿ ಕುಡಿಯುತ್ತಾ ಹೇಳುತ್ತಾರೆ. ಜಮೀನಿನ ಜಗಳಕ್ಕೆ ಜಾತಿ ಬಣ್ಣ ಹಚ್ಚಿ ಬರೆದುಕೊಡಿ ಅಂತ ಬಂದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅದಕ್ಕೇ ಹೇಳುವುದು ಸ್ವತಂತ್ರ ತನಿಖೆ ಬೇಕು ಅಂತ. ಒಳ್ಳೆಯ ತನಿಖೆ ಇದ್ದರೆ ಸುಳ್ಳು ಬೇಗ ಬಯಲಾಗುತ್ತದೆ, ಆರೋಪ ಹೊತ್ತವನಿಗೂ ಅದರಿಂದ ಲಾಭವೇ. ಠಾಣೆಯಲ್ಲಿ ಸೈನ್ ಹಾಕಿಸಿ ಮುಗಿಸುವ ಈಗಿನ ಪದ್ಧತಿಯಲ್ಲಿ ನಿಜವೂ ಸುಳ್ಳೂ ಒಂದೇ ಕಟ್ಟಿನಲ್ಲಿ ಬಿದ್ದಿರುತ್ತವೆ.

ಹಾಗಾಗಿ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯ ಸಂಸದರಿಗೆ, ಶಾಸಕರಿಗೆ ನಿಮ್ಮ ಪತ್ರಿಕೆ ಮೂಲಕ ಕೇಳುವುದು ಇಷ್ಟು. ಆಯೋಗಗಳಿಗೆ ನಿಯೋಜನೆ ಮೇಲೆ ಬರುವ ಪೊಲೀಸರ ಬದಲು ತಮ್ಮದೇ ತನಿಖಾಧಿಕಾರಿಗಳು ಇರಬೇಕು, ಕನಿಷ್ಠ ಯಾರ ಮೇಲೆ ದೂರು ಇದೆಯೋ ಅವರ ಕೈಗೆ ಆ ದೂರು ಹೋಗಬಾರದು ಅನ್ನುವ ಒಂದು ಸುತ್ತೋಲೆಯನ್ನಾದರೂ ನಾಳೆಯೇ ಹೊರಡಿಸಿ, ಅದಕ್ಕೆ ಸಂಸತ್ತೂ ಬೇಡ. ಒಂದು ವರ್ಷದ ಗಡುವನ್ನು ಮೂರಕ್ಕೆ ಏರಿಸಿ. ರಾಜ್ಯ ಆಯೋಗಗಳು ಬೆಂಗಳೂರಿನಲ್ಲೇ ಕೂರದೆ, ಕುಯ್ಲಿನ ಸಮಯದಲ್ಲಿ ಒಮ್ಮೆಯಾದರೂ ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಕ್ಯಾಂಪ್ ಮಾಡಲಿ, ಅದೂ ಸಂತೆ ದಿನ, ಅವತ್ತು ತೋಟಗಳಿಗೆ ರಜೆ ಇರುತ್ತದೆ. ಜೊತೆಗೆ ಹಿಂದಿ, ಬಂಗಾಳಿ, ಸಾದ್ರಿ ಬರುವ ಒಬ್ಬರನ್ನು ಕರೆತರಲಿ. ಈಗ ಆ ಕೆಲಸವನ್ನು ತೋಟಕ್ಕೆ ಜನ ಕರೆತರುವ ಮೇಸ್ತ್ರಿಗಳೇ ಮಾಡುತ್ತಿದ್ದಾರೆ. ಕೂಲಿಯವನು ಮೇಸ್ತ್ರಿ ಮೇಲೇ ದೂರು ಹೇಳಬೇಕಾದಾಗ ಅನುವಾದ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ.

ನಿಮಗೂ ಒಂದು ವಿನಂತಿ. ಅಡಿಕೆ, ಕಾಫಿ, ಮೆಣಸಿನ ದರ ದಿನಾ ಹಾಕುತ್ತೀರಿ. ತಿಂಗಳಿಗೊಮ್ಮೆ ಅದರ ಕೆಳಗೆ ಒಂದು ಚಿಕ್ಕ ಚೌಕದಲ್ಲಿ ಯಾವ ಯಾವ ಆಯೋಗದಲ್ಲಿ ಎಷ್ಟು ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ, ಜಿಲ್ಲಾ ಉಸ್ತುವಾರಿ ಸಮಿತಿ ಕೊನೆಯ ಸಲ ಯಾವತ್ತು ಸೇರಿತ್ತು ಅಂತ ಹಾಕಿ. ಮಾಹಿತಿ ಹಕ್ಕಿನ ಅರ್ಜಿ ಬೇಕಾದರೆ ನಾನೇ ಟೈಪ್ ಮಾಡಿ ಕಳಿಸುತ್ತೇನೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಕೂಡ ನನ್ನದೇ.

– ಒಬ್ಬ ಅರ್ಜಿ ಬರೆಯುವವ, ಚಿಕ್ಕಮಗಳೂರು ಜಿಲ್ಲೆ